ಅಟ್ಟದ ಮೇಲಿನ ಲೋಹದ ಕಾರು: ಜೋಪಾನ ಮಾಡೋಣ, ಹೂಡಿಕೆ ಮಾಡುವುದು ಬೇಡ

ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಾವು ಚಿಕ್ಕವರಿದ್ದಾಗ ಅಂಗಡಿಯ ಆಟಿಕೆ ಸಿಗುತ್ತಿದ್ದುದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಜಾತ್ರೆಯಿಂದ ತಂದ ಪ್ಲಾಸ್ಟಿಕ್ ಕಾರಿನ ಚಕ್ರ ಬಸ್ಸು ಇಳಿಯುವ ಮೊದಲೇ ಕಳಚಿ ಬೀಳುತ್ತಿತ್ತು. ಉಳಿದ ದಿನಗಳಿಗೆಲ್ಲ ಹರಿದ ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಚಕ್ರ, ಹಂಚಿಕಡ್ಡಿಯ ಅಚ್ಚು, ಖಾಲಿ ಬೆಂಕಿಪೊಟ್ಟಣದ ಬಾಡಿ.

ಹೀಗಿರುವಾಗ ನಮ್ಮ ಓಣಿಯ ಒಬ್ಬ ಹುಡುಗನಿಗೆ ಮುಂಬೈಯಿಂದ ಬಂದ ಮಾವ ಒಂದು ಕೆಂಪು ಕಾರು ತಂದುಕೊಟ್ಟ. ಅಪ್ಪಟ ಲೋಹದ್ದು. ಅಂಗೈಯಲ್ಲಿ ಇಟ್ಟರೆ ತಣ್ಣಗೆ, ಭಾರ. ಕಲ್ಲಿನ ಮೇಲೆ ಬಿದ್ದರೂ ಮುರಿಯುತ್ತಿರಲಿಲ್ಲ. ಅವನು ನಮಗೆ ಹತ್ತು ಎಣಿಸುವವರೆಗೆ ಮಾತ್ರ ಹಿಡಿಯಲು ಕೊಡುತ್ತಿದ್ದ. ಎಣಿಸುವವನೂ ಅವನೇ. ಬಹಳ ಬೇಗ ಎಣಿಸುತ್ತಿದ್ದ.

ಈಗ ನಮಗೆ ಮೂವತ್ತು ದಾಟಿದೆ. ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುವ ದುಡಿಮೆ ನಮ್ಮದು. ಆದರೂ ಮೊಬೈಲಿನಲ್ಲಿ ಹಳೇ ಲೋಹದ ಕಾರಿನ ಫೋಟೊ ಕಂಡರೆ ಬೆರಳು ಅಲ್ಲೇ ನಿಲ್ಲುತ್ತದೆ. ನಮ್ಮ ವಯಸ್ಸಿನ ಹಲವರಿಗೆ ಈ ಹುಚ್ಚು ಹತ್ತಿದೆ. ಹತ್ತಲಿ, ತಪ್ಪೇನಿಲ್ಲ. ಆದರೆ ಇದನ್ನು ಚಿನ್ನದಂತೆ ಹೂಡಿಕೆ ಎಂದು ನಂಬಿಸುವ ಮಾತು ಹಳ್ಳಿಗಳಿಗೂ ಬಂದಿದೆ. ಅದರ ಬಗ್ಗೆ ನಮ್ಮ ತಕರಾರಿದೆ.

ಮೊದಲು ಈ ಕಾರುಗಳ ಕಥೆ ಕೇಳಿ. ಸತುವಿಗೆ ಸ್ವಲ್ಪ ಅಲ್ಯುಮಿನಿಯಂ ಮತ್ತಿತರ ಲೋಹ ಬೆರೆಸಿ ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿದರೆ ಕಾರಿನ ಮೈ ತಯಾರು. ಸತುವು ಸುಮಾರು 420 ಡಿಗ್ರಿಯಲ್ಲೇ ಕರಗುವುದರಿಂದ ಕೆಲಸ ಸುಲಭ, ಖರ್ಚೂ ಕಡಿಮೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1930ರ ದಶಕದಲ್ಲಿ ಡಿಂಕಿ ಕಾರುಗಳು ಬಂದವು. 1947ರಲ್ಲಿ ಲಂಡನ್ನಿನಲ್ಲಿ ಲೆಸ್ನಿ ಎಂಬ ಸಣ್ಣ ಕಂಪನಿ ಶುರುವಾಯಿತು. ಅಲ್ಲಿನ ಎಂಜಿನಿಯರ್ ಜ್ಯಾಕ್ ಓಡೆಲ್‌ರ ಮಗಳ ಶಾಲೆಯಲ್ಲಿ ಒಂದು ನಿಯಮವಿತ್ತಂತೆ: ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ದೊಡ್ಡ ಆಟಿಕೆಯನ್ನು ಮಾತ್ರ ತರಬಹುದು. ಅಪ್ಪ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಅದರಿಂದಲೇ 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಕಾರುಗಳು ಹುಟ್ಟಿದವು. ಅಲ್ಲಿನ ಹುಡುಗಿಗೂ ಬೆಂಕಿಪೊಟ್ಟಣ, ಇಲ್ಲಿನ ನಮಗೂ ಬೆಂಕಿಪೊಟ್ಟಣ!

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ‘ಹಾಟ್ ವೀಲ್ಸ್’ ತಂದಿತು. ತೆಳು ಅಚ್ಚು, ಜಾರುವ ಚಕ್ರ, ಹೊಳೆಯುವ ಬಣ್ಣ. ಮ್ಯಾಚ್‌ಬಾಕ್ಸ್‌ನವರೂ ಮರುವರ್ಷ ವೇಗದ ಚಕ್ರ ಹಾಕಬೇಕಾಯಿತು. ಆದರೂ ಹಳೇ ಕಂಪನಿಗಳು ಒಂದೊಂದಾಗಿ ಕುಸಿದವು. ಡಿಂಕಿಯ ಕಾರ್ಖಾನೆ 1979ರಲ್ಲಿ ಮುಚ್ಚಿತು, ಲೆಸ್ನಿ 1982ರಲ್ಲಿ ದಿವಾಳಿಯಾಯಿತು. ಡಿಂಕಿಯ ಹಳೇ ಅಚ್ಚುಗಳು ಕಲ್ಕತ್ತೆಗೂ ಬಂದಿದ್ದವು. ಅಲ್ಲಿ ಅದೇ ಕಾರುಗಳು ‘ನಿಕ್ಕಿ ಟಾಯ್ಸ್’ ಹೆಸರಿನಲ್ಲಿ ತಯಾರಾದವು. ಇಂಥವು ಈಗ ಸಂಗ್ರಹಕಾರರು ಹುಡುಕುವ ವಸ್ತು.

ಇನ್ನು ಬೆಲೆಯ ಮಾತು. ಒಂದೇ ಕಾರು, ಹೊಸದರಂತಿದ್ದು ಮೂಲ ಪೆಟ್ಟಿಗೆಯಲ್ಲೇ ಇದ್ದರೆ ಒಂದು ಬೆಲೆ. ಬಣ್ಣ ಹೋಗಿ, ಪೆಟ್ಟಿಗೆ ಇಲ್ಲದಿದ್ದರೆ ಅದರ ಸಣ್ಣ ಪಾಲು. ನಮ್ಮ ಊರುಗಳಲ್ಲಿ ಪೆಟ್ಟಿಗೆ ಯಾರು ಇಟ್ಟುಕೊಂಡಿದ್ದಾರೆ? ಒಲೆ ಹಚ್ಚಲು ಹೋಗಿರುತ್ತದೆ. ಹಾಗಾಗಿ ‘ಹಳೇ ಕಾರಿಗೆ ಲಕ್ಷ’ ಎಂಬ ವಿಡಿಯೊ ನೋಡಿ ಕನಸು ಕಾಣಬೇಡಿ. ಅಂಥ ಬೆಲೆ ಬರುವುದು ಬಹಳ ಅಪರೂಪದ, ಹೆಚ್ಚಾಗಿ ಯಾರೂ ಆಡದ ಕಾರಿಗೆ.

ಕೊಳ್ಳುವವರಿಗೂ ಎಚ್ಚರ ಬೇಕು. ನಾವೇ ಒಮ್ಮೆ ಮೊಬೈಲ್ ಗುಂಪೊಂದರಲ್ಲಿ ಫೋಟೊ ನೋಡಿ ಮುಂಗಡ ಹಣ ಕಳಿಸಿದೆವು. ಬಂದದ್ದು ಹೊಸದಾಗಿ ಬಣ್ಣ ಬಳಿದ ಕಾರು. ಆ ತಿಂಗಳ ನಾಲ್ಕು ಸುದ್ದಿಯ ದುಡ್ಡು ಹೋಯಿತು. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ಕೆಲವು ನಿಯಮ ಪಾಲಿಸುತ್ತೇವೆ. ಕಾರಿನ ತಳದ ಫೋಟೊ ಕೇಳುತ್ತೇವೆ. ಕಂಪನಿ ಮತ್ತು ದೇಶದ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೈಗೆ ಸಿಕ್ಕರೆ ಅಯಸ್ಕಾಂತ ಹಿಡಿಯುತ್ತೇವೆ. ಸತುವಿನ ಮೈಗೆ ಅದು ಅಂಟುವುದಿಲ್ಲ, ತಗಡಿನ ಆಟಿಕೆಗೆ ಅಂಟುತ್ತದೆ. ಕೂದಲೆಳೆಯಂಥ ಬಿರುಕು ಕಂಡರೆ ಬಿಟ್ಟುಬಿಡುತ್ತೇವೆ. ಸತುವಿನಲ್ಲಿ ಸೀಸ ಬೆರೆತಿದ್ದರೆ ವರ್ಷಗಳ ನಂತರ ಲೋಹ ಒಳಗಿನಿಂದಲೇ ಪುಡಿಯಾಗುತ್ತದೆ. ಬಹಳ ಹಳೆಯ ಕಾರುಗಳಿಗೆ ಬರುವ ಈ ರೋಗಕ್ಕೆ ಮದ್ದಿಲ್ಲ. ಸಾಲ ಮಾಡಿ ಮಾತ್ರ ಏನನ್ನೂ ಕೊಳ್ಳುವುದಿಲ್ಲ.

ಇದೆಲ್ಲ ದುಡ್ಡಿನ ಮಾತಾಯಿತು. ನಮ್ಮನ್ನು ಕಲಕಿದ್ದು ಬೇರೆ.

ಕಳೆದ ವರ್ಷ ಅಂಥದ್ದೇ ಒಂದು ಕೆಂಪು ಕಾರು ಸಿಕ್ಕಿತು. ಕಪಾಟಿನಲ್ಲಿ ಮೇಲಿಟ್ಟೆವು. ಮಗಳು ಬಂದು ಕೈ ಚಾಚಿದಳು. ‘ಒಂದೇ ನಿಮಿಷ, ಆಮೇಲೆ ಕೊಟ್ಟುಬಿಡಬೇಕು’ ಎಂದೆವು. ಹೇಳಿ ಮುಗಿಸುವಷ್ಟರಲ್ಲಿ ಓಣಿಯ ಆ ಹುಡುಗ ನೆನಪಾದ. ಇಪ್ಪತ್ತೈದು ವರ್ಷ ಅವನ ಮೇಲೆ ಮುನಿಸಿಟ್ಟುಕೊಂಡವರು ನಾವು. ಈಗ ನಮ್ಮ ಮನೆಯಲ್ಲೇ ಅವನಾಗಿದ್ದೆವು.

ಹಳೇ ಕಾರನ್ನು ಅವಳಿಗೆ ಕೊಡದಿರಲು ಒಂದು ನಿಜವಾದ ಕಾರಣವೂ ಇತ್ತು. ಹಳೇ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು, ಚಿಕ್ಕ ಮಕ್ಕಳು ಬಾಯಿಗೆ ಹಾಕಿದರೆ ಅಪಾಯ. ಕಳಚಿದ ಚಕ್ರ ಗಂಟಲಿಗೆ ಸಿಕ್ಕಬಹುದು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಮೊದಲಿನವಕ್ಕೆ ಆ ಭರವಸೆ ಇಲ್ಲ. ಆದರೆ ಆ ದಿನ ನಮ್ಮ ಬಾಯಲ್ಲಿ ಬಂದದ್ದು ಆ ಕಾಳಜಿ ಅಲ್ಲ, ಜಿಪುಣತನ. ಮರುದಿನ ಪೇಟೆಗೆ ಹೋದಾಗ ಐಎಸ್ಐ ಗುರುತು ನೋಡಿ ಒಂದು ಹೊಸ ಲೋಹದ ಕಾರು ತಂದುಕೊಟ್ಟೆವು. ವಾರದಲ್ಲೇ ಅದು ಅಂಗಳದ ಮಣ್ಣಿನಲ್ಲಿ ಗೀರು ಬಿದ್ದು, ಒಂದು ಕಡೆ ಬಣ್ಣ ಹೋಗಿ, ನಿಜವಾದ ಕಾರಾಯಿತು. ಸಂಗ್ರಹಕಾರರ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ. ನಮ್ಮ ಮನೆಯಲ್ಲಿ ಅದೇ ಎಲ್ಲಕ್ಕಿಂತ ದುಬಾರಿ.

ಆದ್ದರಿಂದ ಓದುಗರೇ, ನಮ್ಮ ಅಭಿಪ್ರಾಯ ಇಷ್ಟೇ. ಅಟ್ಟದ ಟ್ರಂಕಿನಲ್ಲಿ ಹಳೇ ಲೋಹದ ಕಾರಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹೊಸ ಬಣ್ಣ ಬಳಿಯಬೇಡಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತೇವ ತಾಗದಂತೆ ಇಡಿ. ಯಾರು ತಂದದ್ದು, ಯಾವ ಊರಿಂದ, ಯಾರು ಆಡಿದ್ದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಪೆಟ್ಟಿಗೆ ಇಲ್ಲದ ನಮ್ಮ ಕಾರುಗಳಿಗೆ ಅದೇ ಪೆಟ್ಟಿಗೆ. ಮಾರಲೇಬೇಕೆಂದರೆ ಇಬ್ಬರು ಮೂವರ ಬಳಿ ಬೆಲೆ ಕೇಳಿ ಮಾರಿ. ಮನೆಯ ಮಗುವಿಗೆ ಮಾತ್ರ ಅದರದ್ದೇ ಆದ ಒಂದು ಕಾರು ಇರಲಿ. ಹತ್ತರವರೆಗೆ ಎಣಿಸುವ ಕೆಲಸ ಯಾರಿಗೂ ಬೇಡ.