ಸೊಸೆಯೊಬ್ಬಳ ಪರೀಕ್ಷೆಯಲ್ಲ

ಮದುವೆಯಾಗಿ ಮೂರು ವರ್ಷ ಕಳೆದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ಹರಕೆ ಹೊರುವವಳು ಸೊಸೆ, ಔಷಧ ಕುಡಿಯುವವಳು ಸೊಸೆ, ನೆರೆಹೊರೆಯ ಮಾತು ಕೇಳುವವಳೂ ಅವಳೇ. ನಮ್ಮ ಅಕ್ಕಲಕೋಟೆಯ ಸೀಮೆಯಲ್ಲಿ ಆಕೆಯನ್ನು ಸೊಲ್ಲಾಪುರದ ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ ಕರೆದೊಯ್ಯುವ ಹಿರಿಯರು, ಮಗನ ತಪಾಸಣೆಯಾಗಿದೆಯೇ ಎಂದು ಕೇಳಿದರೆ ಮುಖ ತಿರುಗಿಸುತ್ತಾರೆ. ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಗಂಡಿನ ಪರೀಕ್ಷೆಯಾದರೋ ನೋವಿಲ್ಲದ್ದು, ಹೆಣ್ಣಿನ ಪರೀಕ್ಷೆಗಳಿಗಿಂತ ಸುಲಭವಾದುದು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆ ಬಿಟ್ಟ ಹೊತ್ತಿಗೆ ಬಂದು, ಇಂಗ್ಲಿಷಿನ ವರದಿಯೊಂದನ್ನು ಮೇಜಿನ ಮೇಲಿಟ್ಟ. “ಗುರುಗಳ, ನಾ ಗಂಡಸಲ್ಲ ಅಂತ ಬರದಾರೇನ್ರಿ ಇದರಾಗ?” ಎಂದು ಕೇಳಿದ. ಅದರಲ್ಲಿ ಬರೆದುದು ಇಷ್ಟೇ: ಒಂದು ಮಿಲಿಲೀಟರ್ ವೀರ್ಯದಲ್ಲಿ 90 ಲಕ್ಷ ವೀರ್ಯಾಣುಗಳು. ಪುರುಷತ್ವ ಬೇರೆ, ಸಂತಾನಶಕ್ತಿ ಬೇರೆ ಎಂಬುದನ್ನು ಅವನಿಗೆ ತಿಳಿಹೇಳಲು ಅರ್ಧ ತಾಸು ಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2021ರ ಕೈಪಿಡಿಯಲ್ಲಿ ಕೆಲವು ಕೆಳಮಿತಿಗಳನ್ನು ಕೊಟ್ಟಿದೆ. ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು. ಅವುಗಳಲ್ಲಿ ಚಲಿಸುವಂಥವು ಶೇಕಡಾ 42. ಸರಿಯಾದ ಆಕಾರದವು ಶೇಕಡಾ 4. (ನೂರರಲ್ಲಿ ನಾಲ್ಕೇ ನೆಟ್ಟಗಿದ್ದರೂ ಸಾಕೆನ್ನುವ ನಿಸರ್ಗದ ಔದಾರ್ಯ ನಮ್ಮ ಪರೀಕ್ಷಾ ಮಂಡಳಿಗಳಿಗಿಲ್ಲ!) ಆದರೆ ಇವು ಉತ್ತೀರ್ಣ-ಅನುತ್ತೀರ್ಣದ ಅಂಕಗಳಲ್ಲ. ಒಂದು ವರ್ಷದೊಳಗೆ ಪತ್ನಿ ಗರ್ಭಿಣಿಯಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ನೂರಕ್ಕೆ ಐವರು ಯಾವ ಸಂಖ್ಯೆಗಿಂತ ಕೆಳಗಿದ್ದರೋ ಅಲ್ಲಿ ಗೆರೆ ಎಳೆಯಲಾಗಿದೆ. ಗೆರೆಯ ಕೆಳಗಿದ್ದೂ ತಂದೆಯಾದವರುಂಟು.

ಒಂದೇ ವರದಿಯನ್ನು ನಂಬಿ ಕೂರಲೂಬಾರದು. ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಹಿಂದಿನ ಜ್ವರದ ಪರಿಣಾಮ ಇಂದಿನ ಪರೀಕ್ಷೆಯಲ್ಲಿ ಕಾಣಬಹುದು. ದೋಷ ಕಂಡರೆ ಕೆಲಕಾಲ ಬಿಟ್ಟು ಮತ್ತೊಮ್ಮೆ ನೋಡುವುದು ವಾಡಿಕೆ. ಪರೀಕ್ಷೆಗೆ ಮುನ್ನ 2ರಿಂದ 7 ದಿನ ಸಂಯಮವಿರಬೇಕು. ಮಾದರಿಯನ್ನು ಒಂದು ಗಂಟೆಯೊಳಗೆ ಪ್ರಯೋಗಾಲಯದವರು ನೋಡಬೇಕಾದುದರಿಂದ, ಹಳ್ಳಿಯಿಂದ ಬಸ್ಸಿನಲ್ಲಿ ಒಯ್ಯುವ ಸಾಹಸ ಬೇಡ. ಅಲ್ಲಿಯೇ ಪ್ರತ್ಯೇಕ ಕೋಣೆ ಕೇಳಿ ಕೊಡುವುದು ಲೇಸು. ತಂಬಾಕು, ವೃಷಣದ ರಕ್ತನಾಳಗಳ ಊತ, ಪ್ರಾಯದಲ್ಲಿ ಬಂದ ಮಂಗನಬಾವು, ಮೈಕಟ್ಟಿಗೆಂದು ಚುಚ್ಚಿಸಿಕೊಳ್ಳುವ ಹಾರ್ಮೋನು — ಕಾರಣಗಳು ಹಲವು. ಅವುಗಳಲ್ಲಿ ಕೆಲವಕ್ಕೆ ಪರಿಹಾರವಿದೆ. ವೀರ್ಯಾಣುವೇ ಕಾಣದಿದ್ದರೂ, ದಾರಿ ಕಟ್ಟಿರುವುದೋ ಉತ್ಪತ್ತಿಯೇ ಇಲ್ಲವೋ ಎಂಬುದನ್ನು ವೈದ್ಯರು ನಿರ್ಣಯಿಸಬೇಕು.

ಇನ್ನು ವೀರ್ಯ ಬ್ಯಾಂಕಿನ ಮಾತು. ನಮ್ಮ ರೈತರಿಗೆ ಇದು ಅಪರಿಚಿತವಲ್ಲ. ಪಶುವೈದ್ಯರು ಆಕಳಿಗಾಗಿ ತರುವ ಹೊಗೆಯಾಡುವ ಡಬ್ಬಿಯಲ್ಲಿರುವುದೂ ದ್ರವ ಸಾರಜನಕವೇ. ಮೈನಸ್ 196 ಡಿಗ್ರಿಯ ಆ ಶೀತದಲ್ಲಿ ಮನುಷ್ಯನ ವೀರ್ಯಾಣುವೂ ವರ್ಷಗಟ್ಟಲೆ ಉಳಿಯುತ್ತದೆ. ಹೆಪ್ಪುಗಟ್ಟಿಸಿದ ವೀರ್ಯದಿಂದ ಶಿಶುಗಳು ಜನಿಸಲಿರುವ ವಾರ್ತೆ ಅಮೆರಿಕದ ಅಯೋವಾದಿಂದ ಬಂದದ್ದು 1953ರಲ್ಲಿ. ಭಾರತದ 2021ರ ಕಾಯಿದೆಯಂತೆ ದಾನಿಯ ವಯಸ್ಸು 21ರಿಂದ 55ರೊಳಗಿರಬೇಕು; ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಹೀಗೆ ಹುಟ್ಟಿದ ಮಗು ಕಾನೂನಿನ ಕಣ್ಣಿನಲ್ಲಿ ಆ ದಂಪತಿಗಳದೇ ಸ್ವಂತ ಮಗು.

ಆದರೆ ಬ್ಯಾಂಕೆಂದರೆ ಪರರ ದಾನ ಮಾತ್ರವೆಂದು ತಿಳಿಯಬೇಡಿ. ಕ್ಯಾನ್ಸರಿಗೆ ತುತ್ತಾದ ತರುಣನಿಗೆ ಔಷಧ ಅಥವಾ ಕಿರಣ ಚಿಕಿತ್ಸೆಯಿಂದ ಸಂತಾನಶಕ್ತಿ ಕುಂದುವ ಅಪಾಯವುಂಟು. ಜೀವದ ಚಿಂತೆಯಲ್ಲಿರುವ ತಾಯಿತಂದೆಗೆ ಆಗ ಇದು ಹೊಳೆಯುವುದಿಲ್ಲ. ವೈದ್ಯರೂ ಕೆಲವೊಮ್ಮೆ ಹೇಳುವುದಿಲ್ಲ. ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳಿ ಅವನ ವೀರ್ಯವನ್ನು ಇರಿಸಬಹುದು.