ಅವರಿಗೇಕೆ ಬೇರೆ ಹಡಗು?

"ಅವರಿಗೇ ಅಂತ ಹಡಗು ಬೇರೆ ಕೇಡು!" ಎಂದರು ನಮ್ಮ ಮಹಿಳಾ ಸಮಾಜದ ಹಿರಿಯರೊಬ್ಬರು. ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿ ಬಂದವರು, ಅಲ್ಲಿನ ಸಲಿಂಗಿಗಳು ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು ವಾರಗಟ್ಟಲೆ ಸಮುದ್ರದ ಮೇಲೆ ತಿರುಗುವ ಸುದ್ದಿ ಹೇಳುತ್ತಿದ್ದರು. "ಎಲ್ಲರ ಜೊತೆ ಹೋದರೆ ಯಾರು ಬೇಡ ಅಂತಾರೆ?"

ಬೇಡ ಎಂದವರಿದ್ದಾರೆ. 1998ರ ಆರಂಭದಲ್ಲಿ ಸುಮಾರು 900 ಸಲಿಂಗಿ ಗಂಡಸರು ಹೊರಟಿದ್ದ ಹಡಗಿಗೆ ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳ ಸರ್ಕಾರ ಪ್ರವೇಶ ನಿರಾಕರಿಸಿತು. ಅವರಿನ್ನೂ ಅಲ್ಲಿ ಕಾಲಿಟ್ಟಿರಲಿಲ್ಲ; ನಡತೆ ಸರಿಯಿರಲಾರದೆಂದು ಮೊದಲೇ ತೀರ್ಪು. ಹೆಣ್ಣುಮಕ್ಕಳಿಗೆ ಇಂಥ ತೀರ್ಪು ಹೊಸದಲ್ಲ ಬಿಡಿ.

ಎಲ್ಲರ ಹಡಗಿನಲ್ಲೂ ಅವರು ಹೋಗಬಹುದು, ನಿಜ. ಆದರೆ ಊಟಕ್ಕೆ ಕೂತಾಗ ಪಕ್ಕದವರು "ನೀವಿಬ್ಬರು ಅಣ್ಣ ತಮ್ಮಂದಿರೇ?" ಎಂದು ಕೇಳಿದರೆ ಏನು ಹೇಳಬೇಕು? ಕೈ ಹಿಡಿಯುವ ಮುಂಚೆ ಸುತ್ತ ಕಣ್ಣಾಡಿಸಬೇಕು. ನಾವು ರೈಲಿನಲ್ಲಿ ಮಹಿಳೆಯರ ಡಬ್ಬಿ ಹುಡುಕಿ ಹತ್ತುವುದು ಗಂಡಸರ ಮೇಲಿನ ದ್ವೇಷಕ್ಕಲ್ಲವಲ್ಲ. ಸೆರಗಿನ ಚಿಂತೆಯಿಲ್ಲದೆ ಕಾಲು ಚಾಚಿ ಕೂರಲಿಕ್ಕೆ. 2011ರಲ್ಲಿ 'ಅಲ್ಯೂರ್ ಆಫ್ ದ ಸೀಸ್' ಎಂಬ ಹಡಗನ್ನು ಐದು ಸಾವಿರಕ್ಕೂ ಹೆಚ್ಚು ಸಲಿಂಗಿಗಳು ತುಂಬಿದರು. ಸುಮಾರು 360 ಮೀಟರ್ ಉದ್ದ, ನಡುವೆ ಗಿಡಮರಗಳ ತೋಟ! ಅಲ್ಲಿ ಯಾರೂ ಯಾರಿಗೂ ಉತ್ತರ ಹೇಳಬೇಕಿರಲಿಲ್ಲ. ಹೆಂಗಸರೂ ಹಿಂದೆ ಬಿದ್ದಿಲ್ಲ. 1973ರಲ್ಲಿ ಹೆಂಗಸರ ಹಾಡುಗಳ ಧ್ವನಿಮುದ್ರಿಕೆ ತರಲೆಂದು ಶುರುವಾದ ಒಲಿವಿಯಾ ಸಂಸ್ಥೆ 1990ರಲ್ಲಿ 600 ಮಂದಿಯನ್ನು ಬಹಾಮಾಸ್‌ಗೆ ಕರೆದೊಯ್ದಿತ್ತು. 2004ರಲ್ಲಿ ನ್ಯೂಯಾರ್ಕಿನಿಂದ ಹೊರಟ ಇನ್ನೊಂದು ಹಡಗಿನಲ್ಲಿ ಮಕ್ಕಳು ಮರಿಗಳೂ ಇದ್ದರು.

ಹಾಗೆಂದು ಎಲ್ಲವನ್ನೂ ಒಪ್ಪಿ ತಲೆದೂಗಲಾರೆ. ದುಡ್ಡಿದ್ದವರಿಗಷ್ಟೇ ಈ ಬಿಡುಗಡೆ. ಜಾಹೀರಾತಿನಲ್ಲೆಲ್ಲ ಕಟ್ಟುಮಸ್ತಾದ ಹುಡುಗರೇ. ಬೊಜ್ಜು ಬಂದವರು, ತಲೆ ನರೆತವರು ಅಲ್ಲಿಯೂ ಮೂಲೆ ಹಿಡಿಯಬೇಕೇನೋ. ಇದಕ್ಕಿಂತ ನನ್ನನ್ನು ಕಾಡಿದ್ದು ಡೊಮಿನಿಕಾದ ಸಂಗತಿ. 2012ರಲ್ಲಿ ಇಂಥದೇ ಹಡಗು ಆ ಪುಟ್ಟ ದ್ವೀಪದಲ್ಲಿ ನಿಂತಾಗ, ಬಂದರಿಗೆ ಕಾಣುವಂತೆ ಬಾಲ್ಕನಿಯಲ್ಲಿ ಮೈಮರೆತ ಇಬ್ಬರನ್ನು ಪೊಲೀಸರು ಹಿಡಿದರು. ಅವರು ತಪ್ಪೊಪ್ಪಿಕೊಂಡು, ದಂಡ ಕಟ್ಟಿ ಊರಿಗೆ ಹೋದರು. ಆದರೆ ಅದೇ ದ್ವೀಪದಲ್ಲಿ ಹುಟ್ಟಿದ ಸಲಿಂಗಿಗಳಿಗೆ ಮುಚ್ಚಿದ ಬಾಗಿಲ ಹಿಂದಿನ ಒಲವೂ ಅಪರಾಧವಾಗಿತ್ತು. ಅಲ್ಲಿನ ಉಚ್ಚ ನ್ಯಾಯಾಲಯ ಆ ಕಾನೂನನ್ನು ತೆಗೆದದ್ದು 2024ರಲ್ಲಿ. ಹಡಗಿನವರು ಬೆಳಿಗ್ಗೆ ಇಳಿದು, ಡಾಲರು ಚೆಲ್ಲಿ, ಸಂಜೆಗೆ ಹತ್ತಿ ಹೋಗುತ್ತಾರೆ. ನಿಮಗೆ ಅವರ ಮರಳದಂಡೆ ಬೇಕು, ಅಲ್ಲಿನ ನಿಮ್ಮವರೇ ಬೇಡವೇ? ಬಂದರಿಗೆ ಹಣ ಕಟ್ಟುವಾಗ ಒಂದು ಮಾತು ಆಡಬಾರದೇ?

ಕೇಳುವುದು ಸುಲಭ. ನಾನೆಷ್ಟು ಆಡಿದ್ದೇನೆ? ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಂಗಾತಿಯೊಡನೆ ಸಂಸಾರ ಹೂಡಿ ಎಷ್ಟೋ ವರ್ಷವಾಯಿತು. 2018ರಲ್ಲಿ ಸುಪ್ರೀಂ ಕೋರ್ಟು ಅಪರಾಧವಲ್ಲ ಎಂದಿತು. ನಾವು ಮಾತ್ರ ಆ ಹುಡುಗನನ್ನು "ರೂಮ್‌ಮೇಟು" ಎಂದೇ ಕರೆಯುತ್ತೇವೆ. ಹಬ್ಬ, ಮದುವೆಗೆ ನಮ್ಮವನು ಒಬ್ಬನೇ ಬರುತ್ತಾನೆ, ಊಟ ಮುಗಿದ ಕೂಡಲೇ ಬಸ್ಸು ಹಿಡಿಯುತ್ತಾನೆ. ಅವನಿಗೆ ನಾವು ಯಾವ ಹಡಗು ಕೊಟ್ಟಿದ್ದೇವೆ?

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಮದುವೆ. ಲಗ್ನಪತ್ರಿಕೆಯ ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದಿದ್ದೇನೆ. "ಯೋಚನೆ ಮಾಡೇ" ಎಂದು ಅಕ್ಕ ಅದನ್ನು ಎತ್ತಿ ದೇವರ ಗೂಡಿನ ಪಕ್ಕ ಇಟ್ಟಿದ್ದಾಳೆ.