ಅದಬು: ಸೂಫಿ ಸಾಧಕರ ಶೀಲವಿಚಾರ

ಕನ್ನಡದಲ್ಲಿ ‘ಅದಬು’ ಎಂಬುದೊಂದು ಮಾತುಂಟು. ‘ಮಕ್ಕಳನ್ನು ಅದಬಿನಲ್ಲಿಡಬೇಕು’ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅರಬಿ ಭಾಷೆಯ ಈ ಶಬ್ದವು ಪಾರಸಿಯ ಮಾರ್ಗವಾಗಿ ನಮ್ಮ ಆಡುಮಾತನ್ನು ಸೇರಿತು. ಸೇರುವಾಗ ತನ್ನ ಅರ್ಥಸಂಪತ್ತಿನ ಬಹುಭಾಗವನ್ನು ದಾರಿಯಲ್ಲಿಯೇ ಕಳೆದುಕೊಂಡು ಬಂದಿತು. ನಮ್ಮಲ್ಲಿ ಅದಬೆಂದರೆ ಅಂಕೆ, ಹತೋಟಿ, ಭಯಮಿಶ್ರವಾದ ಮರ್ಯಾದೆ. ಒಬ್ಬನು ಇನ್ನೊಬ್ಬನನ್ನು ಇರಿಸುವ ಸ್ಥಿತಿ. ಮೂಲದಲ್ಲಿಯಾದರೋ ಅದು ಮನುಷ್ಯನು ತನ್ನನ್ನು ತಾನೇ ತಿದ್ದಿಕೊಂಡು ಪಡೆಯುವ ಸಂಸ್ಕಾರ. ಊಟ, ಉಡುಪು, ಮಾತು, ಮೌನ, ಸಹವಾಸ, ಪ್ರಯಾಣ ಇವೆಲ್ಲದರಲ್ಲಿಯೂ ಔಚಿತ್ಯವರಿತು ನಡೆಯುವ ಬಗೆ. ಸಾಹಿತ್ಯಕ್ಕೂ ಆ ಭಾಷೆಯಲ್ಲಿ ಇದೇ ಹೆಸರು. ಓದಿದವನ ನಡತೆಗೂ ಅವನು ಓದಿದ ಗ್ರಂಥಕ್ಕೂ ಒಂದೇ ಶಬ್ದ ಸಾಲುವಂತಿದ್ದ ಕಾಲವೊಂದಿತ್ತೆಂಬುದನ್ನು ನೆನೆದಾಗ, ಭಾಷಾಧ್ಯಾಪಕನಾದ ನನಗೆ ತುಸು ಅಸೂಯೆಯೇ ಆಗುತ್ತದೆ.

ಸಂಸ್ಮರಣ ಸಂಪುಟದಲ್ಲಿ ಈ ವಿಷಯವನ್ನೇಕೆ ಎತ್ತಿದೆನೆಂದು ವಾಚಕರು ಕೇಳಬಹುದು. ವಿದ್ಯೆಯೊಡನೆ ಶೀಲವನ್ನು ಕೊಡುವೆವೆಂದು ವಾಗ್ದಾನ ಮಾಡಿ ಸ್ಥಾಪಿತವಾದ ಶಾಲೆಗಳು ನಮ್ಮ ನಾಡಿನಲ್ಲಿ ಅನೇಕ. ವಿದ್ಯೆಯನ್ನು ಅಳೆಯಲು ಪರೀಕ್ಷೆಯುಂಟು; ಶೀಲದ ಬಗೆಗೆ ನಾವು ಮಾಡುತ್ತಿರುವುದೇನು? ವಾರಕ್ಕೊಂದು ನೀತಿಬೋಧೆಯ ಅವಧಿ, ಪ್ರಾರ್ಥನೆಯಲ್ಲೊಂದು ಸುಭಾಷಿತ, ವಾರ್ಷಿಕೋತ್ಸವದಲ್ಲೊಂದು ಭಾಷಣ. ಶೀಲವನ್ನು ಕೇಳಿಸಬಹುದೆಂದು ನಾವು ನಂಬಿದ್ದೇವೆ. ಅದು ಕೇಳಿ ಬರುವುದಲ್ಲ, ಕೈ ಪಳಗಿ ಬರುವುದು ಎಂಬುದು ನನ್ನ ಅಭಿಮತ. ಈ ಮಾತನ್ನು ಇಸ್ಲಾಂ ಧರ್ಮದ ಸೂಫಿ ಆಚಾರ್ಯರಷ್ಟು ಸೂಕ್ಷ್ಮವಾಗಿ, ಅಧ್ಯಾಪಕನಿಗೆ ಉಪಯೋಗವಾಗುವಂತೆ ಬಿಡಿಸಿ ಹೇಳಿದವರು ವಿರಳ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸೂಫಿಗಳೆಂದೊಡನೆ ‘ಅವರೂ ನಮ್ಮವರಂತೆಯೇ’ ಎಂದು ಹೊಗಳಿ, ಹಾರ ಹಾಕಿ, ಮುಂದಕ್ಕೆ ಸಾಗುವುದು ನಮ್ಮ ವೇದಿಕೆಗಳಲ್ಲಿ ರೂಢಿಯಾಗಿದೆ. ಶರಣರ ಮಾತುಗಳೊಡನೆ ಹೋಲಿಸುವ ಆಸೆ ನನಗೂ ಇಲ್ಲದಿಲ್ಲ. ಆದರೆ ಹೋಲಿಕೆಗೆ ಮುನ್ನ ಅರಿವು ಬೇಕು. ಸೂಫಿಗಳು ಇಸ್ಲಾಮಿನ ಹೊರಗೆ ನಿಂತು ಮಾತನಾಡಿದವರಲ್ಲ. ನಮಾಜು, ಉಪವಾಸ, ಕುರಾನ್ ಪಠಣಗಳ ಬುಡದಿಂದಲೇ ಅವರ ಸಾಧನೆ ಚಿಗುರಿತು. ಸಚ್ಚಾರಿತ್ರ್ಯವನ್ನು ಪೂರ್ಣಗೊಳಿಸುವುದಕ್ಕಾಗಿಯೇ ತಾವು ಬಂದುದೆಂದು ಪ್ರವಾದಿ ಮಹಮ್ಮದರು ಹೇಳಿದರೆಂಬ ಹದೀಸು ಪ್ರಸಿದ್ಧವಾದುದು. ಅವರ ನಡತೆ ಹೇಗಿತ್ತೆಂದು ಕೇಳಿದವರಿಗೆ, ಕುರಾನೇ ಅವರ ನಡತೆಯಾಗಿತ್ತೆಂದು ಪತ್ನಿ ಆಯಿಷಾ ಉತ್ತರಿಸಿದರೆಂಬ ಪರಂಪರೆಯೂ ಉಂಟು. ಗ್ರಂಥವು ಮನುಷ್ಯನಲ್ಲಿ ನಡತೆಯಾಗಿ ಮೈದಾಳುವುದೇ ಸೂಫಿಗಳು ಹಿಡಿದ ಗುರಿ.

‘ಸೂಫ್’ ಎಂದರೆ ಉಣ್ಣೆ. ಒರಟು ಉಣ್ಣೆಯ ಉಡುಪಿನಿಂದ ಆ ಹೆಸರು ಬಂದಿತೆಂಬುದು ಬಹುಜನ ವಿದ್ವಾಂಸರ ಮತ. ಇರಾಕಿನ ಬಸರಾ ಪಟ್ಟಣದಲ್ಲಿ ಹಸನ್ ಬಸ್ರಿ (642–728), ಅವರ ತರುವಾಯದ ರಾಬಿಯಾ ಮೊದಲಾದವರಿಂದ ಈ ಮಾರ್ಗಕ್ಕೆ ರೂಪ ಬಂದಿತು. ಬಸರಾದಲ್ಲಿಯೇ ಹುಟ್ಟಿ ಬಾಗ್ದಾದಿನಲ್ಲಿ 857ರಲ್ಲಿ ತೀರಿಕೊಂಡ ಹಾರಿಸ್ ಎಂಬ ಆಚಾರ್ಯರಿಗೆ ‘ಮುಹಾಸಿಬೀ’ ಎಂದೇ ಹೆಸರಾಯಿತು. ಆತ್ಮದ ಲೆಕ್ಕ ಇಡುವವನೆಂದು ಅರ್ಥ. ನಮ್ಮ ‘ಹಿಸಾಬು’ ಅದೇ ಧಾತುವಿನ ಕೂಸು. ಅಂಗಡಿಯ ಹಿಸಾಬನ್ನು ದಿನದಿನವೂ ಬರೆದಿಡುವ ನಾವು, ಆಡಿದ ಮಾತಿನ ಹಿಸಾಬನ್ನು ಬರೆದಿಟ್ಟವರಿದ್ದರೆಂದು ತಿಳಿದು ಬೆರಗಾಗಬೇಕು. ಮುಂದೆ ನಿಶಾಪುರದ ಕುಶೈರಿ ಎಂಬವರು 1045ರ ಸುಮಾರಿಗೆ ರಚಿಸಿದ ‘ರಿಸಾಲಾ’ದಲ್ಲಿ ಪೂರ್ವಸೂರಿಗಳ ಒಂದು ಅಭಿಪ್ರಾಯ ಬರುತ್ತದೆ: ಸೂಫಿ ಮಾರ್ಗವೆಂಬುದು ಸೌಶೀಲ್ಯವಲ್ಲದೆ ಬೇರೆಯಲ್ಲ, ಶೀಲದಲ್ಲಿ ನಿನ್ನನ್ನು ಮೀರಿದವನು ಸೂಫಿತನದಲ್ಲಿಯೂ ನಿನ್ನನ್ನು ಮೀರಿದವನೇ ಎಂದು. ಪವಾಡ, ದರ್ಶನ, ಸಮಾಧಿಗಳ ಮಾತು ಇಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು.

ಈ ವಿಷಯವನ್ನು ಶಾಸ್ತ್ರವಾಗಿ ಕಟ್ಟಿದವರು ಇಮಾಮ್ ಗಜ್ಜಾಲಿ (1058–1111). ಇರಾನಿನ ತೂಸ್ ಎಂಬಲ್ಲಿ ಹುಟ್ಟಿದ ಇವರು 1091ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಪ್ರಧಾನ ಆಚಾರ್ಯರಾದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಂದು ದಿನ ಪಾಠ ಹೇಳಲು ನಾಲಗೆಯೇ ಏಳದಾಯಿತು. ತಾನು ಬೋಧಿಸುತ್ತಿರುವುದು ದೇವರಿಗಾಗಿಯೋ ಕೀರ್ತಿಗಾಗಿಯೋ ಎಂಬ ಶಂಕೆ ಅವರನ್ನು ಹಾಗೆ ಕಟ್ಟಿಹಾಕಿತೆಂದು ಅವರೇ ತಮ್ಮ ಆತ್ಮವೃತ್ತದಲ್ಲಿ ತಿಳಿಸಿದ್ದಾರೆ. 1095ರಲ್ಲಿ ಪೀಠವನ್ನು ತೊರೆದು ದಮಾಸ್ಕಸ್, ಜೆರೂಸಲೇಮ್, ಮಕ್ಕಾಗಳಲ್ಲಿ ಸಂಚರಿಸಿದರು. ಹತ್ತು ವರ್ಷಕ್ಕೂ ಮಿಕ್ಕಿ ಪಾಠದಿಂದ ದೂರವುಳಿದು 1106ರಲ್ಲಿ ನಿಶಾಪುರದಲ್ಲಿ ಮತ್ತೆ ಅಧ್ಯಾಪಕರಾದರು. ಅಧ್ಯಾಪಕವರ್ಗದವರಾದ ನಾವು ಈ ಪ್ರಸಂಗವನ್ನು ಸುಮ್ಮನೆ ಓದಿ ದಾಟುವಂತಿಲ್ಲ.

ನಲವತ್ತು ಪುಸ್ತಕಗಳ ಅವರ ಮಹಾಗ್ರಂಥ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಶೀಲಕ್ಕೇ ಮೀಸಲಾದ ಪುಸ್ತಕವೊಂದಿದೆ. ಅರಬಿಯಲ್ಲಿ ‘ಖಲ್ಕ್’ ಎಂದರೆ ಹೊರಗಿನ ಆಕಾರ, ‘ಖುಲುಕ್’ ಎಂದರೆ ಒಳಗಿನ ಆಕಾರ. ಅಕ್ಷರಗಳು ಅವೇ, ಸ್ವರ ಮಾತ್ರ ಬೇರೆ. ಒಂದೆರಡು ಸಲ ದಾನ ಮಾಡಿದವನು ದಾನಶೀಲನಲ್ಲ; ಯೋಚನೆ, ಹೆಣಗಾಟಗಳಿಲ್ಲದೆ ಸತ್ಕ್ರಿಯೆ ತಾನಾಗಿ ಹೊರಹೊಮ್ಮುವಂತೆ ಅಂತರಂಗದಲ್ಲಿ ನೆಲೆಗೊಂಡ ಸ್ಥಿತಿಯೇ ಶೀಲವೆಂಬುದು ಅವರ ನಿರ್ಣಯ. ಹಾಗಾದರೆ ಸ್ವಭಾವವನ್ನು ಬದಲಿಸಲಾದೀತೆ? ಆಗುವುದೆಂದು ಹೇಳಿ ಅವರು ಕೊಡುವ ದೃಷ್ಟಾಂತ ಲಿಪಿಕಾರನದು. ಅಕ್ಷರ ಚೆಂದಾಗಬೇಕೆಂಬುವನು ಬಲ್ಲವನ ಬರಹವನ್ನು ನೋಡಿ ನೋಡಿ ಪ್ರಯತ್ನಪೂರ್ವಕವಾಗಿ ತಿದ್ದುತ್ತಾನೆ. ಮೊದಲು ಅದು ಬರಿಯ ಅನುಕರಣೆ, ಬಲವಂತದ ಕೆಲಸ. ಬಹುಕಾಲ ತಿದ್ದಿದ ಮೇಲೆ ಅದೇ ಅವನ ಕೈಯ ಸ್ವಭಾವವಾಗುತ್ತದೆ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತ ನಮ್ಮ ತಲೆಮಾರಿನವರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ತಾಳ್ಮೆಯನ್ನೂ ಹಾಗೆಯೇ ತಿದ್ದಬೇಕು. ನೂರು ದಿನ ಒತ್ತಾಯದಿಂದ ಕೋಪವನ್ನು ನುಂಗಿದವನಿಗೆ ನೂರೊಂದನೆಯ ದಿನ ಅದು ಸುಲಭವಾದೀತು. ಆರಂಭದ ತಾಳ್ಮೆ ಕೃತಕವೆಂದು ಹಳಿಯುವವರು ಬಾಲಕನ ಮೊದಲ ಅಕ್ಷರವನ್ನೂ ಕೃತಕವೆಂದು ಹಳಿಯಬೇಕಾದೀತು.

ಅದೇ ಪುಸ್ತಕದಲ್ಲಿ ಮಕ್ಕಳ ಪಾಲನೆಯ ಪ್ರಕರಣವೊಂದಿದೆ. ಮಗು ಒಳ್ಳೆಯದನ್ನು ಮಾಡಿದಾಗ ನಾಲ್ವರೆದುರು ಮೆಚ್ಚಬೇಕು. ಒಮ್ಮೆ ತಪ್ಪಿದರೆ, ಅದರಲ್ಲಿಯೂ ಅದನ್ನು ಮಗುವೇ ಮುಚ್ಚಿಡಲು ಯತ್ನಿಸುತ್ತಿದ್ದರೆ, ಕಾಣದಂತಿರಬೇಕು. ಮತ್ತೆ ತಪ್ಪಿದರೆ ಏಕಾಂತದಲ್ಲಿ ತಿಳಿಹೇಳಬೇಕು. ಸದಾ ಗದರುತ್ತಿದ್ದರೆ ಬೈಗುಳವು ಕಿವಿಗೆ ರೂಢಿಯಾಗಿ ಮಾತಿನ ಬೆಲೆ ಹೋಗುತ್ತದೆ. ಪಾಠ ಮುಗಿದ ಮೇಲೆ ಆಟಕ್ಕೆ ಬಿಡಲೇಬೇಕು. ಆಟವನ್ನು ತಡೆದು ಓದನ್ನೇ ಹೇರಿದರೆ ಮಗುವಿನ ಹೃದಯ ಸತ್ತುಹೋಗುತ್ತದೆ. ಒಂಬತ್ತು ನೂರು ವರ್ಷಗಳ ಹಿಂದೆ ಬರೆದುದಿದು. ಬೆತ್ತದ ಬಲದಿಂದ ಅದಬು ಕಲಿಸಹೊರಟ ನಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಇದನ್ನೋದಿ ಏನೆನ್ನುವರೋ ನಾನರಿಯೆ.

ತನ್ನ ದೋಷ ತನಗೆ ಕಾಣದೆಂಬುದು ಎಲ್ಲರೂ ಬಲ್ಲ ಮಾತು. ಅದಕ್ಕೆ ಗಜ್ಜಾಲಿಯವರು ನಾಲ್ಕು ಉಪಾಯಗಳನ್ನು ಸೂಚಿಸುತ್ತಾರೆ: ಬಲ್ಲ ಗುರು, ನಿಜವಾಡುವ ಗೆಳೆಯ, ಶತ್ರುವಿನ ನಾಲಗೆ, ಲೋಕದ ಜನರಲ್ಲಿ ಕಾಣುವ ದೋಷಗಳು. ಇವುಗಳಲ್ಲಿ ನನಗೆ ಹಿಡಿಸಿದ್ದು ಮೂರನೆಯದು. ಮುಖಸ್ತುತಿ ಮಾಡುವ ಮಿತ್ರನಿಗಿಂತ ಹಗೆಯೇ ಉಪಕಾರಿಯೆಂಬುದು ಅವರ ಎಣಿಕೆ. ಶಾಲೆಗಳು ಸಂಪುಟ ತರುವಾಗ ಮಿತ್ರರ ಲೇಖನಗಳನ್ನಷ್ಟೇ ಬೇಡುವುದನ್ನು ಕಂಡಾಗ ಈ ಮಾತು ನೆನಪಾಗುತ್ತದೆ.

ದಾನಿಗಳು ಮುನಿಯದಿದ್ದರೆ ದಾನದ ವಿಚಾರವಾಗಿಯೂ ಒಂದು ಮಾತು. ಬಹಿರಂಗವಾಗಿ ಕೊಟ್ಟರೆ ಒಳಿತು, ಗುಟ್ಟಾಗಿ ಬಡವರಿಗೆ ಕೊಟ್ಟರೆ ಇನ್ನೂ ಒಳಿತು ಎಂಬ ಭಾವ ಕುರಾನಿನಲ್ಲಿದೆ. ಕೊಟ್ಟುದನ್ನು ಎತ್ತಿ ಆಡಿ, ಪಡೆದವನನ್ನು ನೋಯಿಸಿ ದಾನವನ್ನು ವ್ಯರ್ಥಗೊಳಿಸಬಾರದೆಂದೂ ಅಲ್ಲಿದೆ. ಗಜ್ಜಾಲಿಯವರು ಇದನ್ನು ವಿವರಿಸುವಾಗ ಒಂದು ಹೆಜ್ಜೆ ಮುಂದಿಡುತ್ತಾರೆ. ಪಡೆದವನೇ ನಿಜವಾದ ಉಪಕಾರಿ, ಏಕೆಂದರೆ ಕೊಟ್ಟವನ ಲೋಭದ ಕೊಳೆಯನ್ನು ಆತನು ತೊಳೆದನು. ಹಾಗೆಂದು ಅವರು ಬಹಿರಂಗ ದಾನವನ್ನು ನಿಷೇಧಿಸುವುದಿಲ್ಲ. ನೋಡಿದವರಿಗೆ ಕೊಡುವ ಮನಸ್ಸಾಗುವುದಾದರೆ ತೋರಿಸಿಯೇ ಕೊಡಬಹುದು, ಮನಸ್ಸಿನ ಮೇಲೆ ಕಾವಲಿರಬೇಕು. ಶಿಲಾಫಲಕದ ಮೇಲೆ ಹೆಸರು ಕೆತ್ತಿಸಿದವರಿಗೆ ಈ ವಾಕ್ಯ ಸಮಾಧಾನ ಕೊಟ್ಟೀತು. ಕಾವಲಿನ ಭಾಗವನ್ನೂ ಓದಿಕೊಂಡರೆ.

ಸೂಫಿಗಳ ಎಲ್ಲವನ್ನೂ ನಾನು ಒಪ್ಪುವವನಲ್ಲ. ಶಿಷ್ಯನು ಗುರುವಿನ ಮುಂದೆ, ಶವವು ತೊಳೆಯುವವನ ಕೈಯಲ್ಲಿರುವಂತೆ ಇರಬೇಕೆಂಬ ಉಪಮೆ ಆ ಪರಂಪರೆಯಲ್ಲಿ ಬಳಕೆಯಲ್ಲಿದೆ. ಪ್ರೌಢ ಸಾಧಕನ ವಿಷಯದಲ್ಲಿ ಅದಕ್ಕೆ ಏನು ಬೆಲೆಯೋ ನನಗೆ ತಿಳಿಯದು. ಪಾಠಶಾಲೆಯಲ್ಲಂತೂ ಅದು ಸಲ್ಲದು. ಪ್ರಶ್ನೆ ಕೇಳದ ವಿದ್ಯಾರ್ಥಿ ಶೀಲವಂತನೆಂಬ ಭ್ರಾಂತಿ ನಮ್ಮಲ್ಲಿಯೂ ಬೇಕಾದಷ್ಟಿದೆ. ತೇಪೆ ಹಚ್ಚಿದ ಬಟ್ಟೆಯುಟ್ಟು, ನಾಲ್ಕು ಪರಿಭಾಷೆ ಕಲಿತು ಸೂಫಿಗಳೆನಿಸಿಕೊಂಡವರನ್ನು ಗಜ್ಜಾಲಿಯವರೇ ಕಟುವಾಗಿ ಟೀಕಿಸಿದ್ದಾರೆ; ವೇಷವು ಶೀಲವನ್ನು ನುಂಗುವ ಅಪಾಯ ಯಾವ ಮತದ ಪೀಠಕ್ಕೂ ತಪ್ಪಿದ್ದಲ್ಲ.

ಇನ್ನು ನಮ್ಮ ನೆಲದ ಸಂಬಂಧ. ಬಾಗ್ದಾದಿನ ಅದೇ ನಿಜಾಮಿಯಾದಲ್ಲಿ ಗಜ್ಜಾಲಿಯವರ ನಂತರ ಪಾಠ ಹೇಳಿದ ಅಬೂನ್ನಜೀಬ್ ಸುಹ್ರವರ್ದಿ ಎಂಬ ಆಚಾರ್ಯರಿದ್ದರು (ಮರಣ 1168). ಟೈಗ್ರಿಸ್ ನದಿಯ ದಡದಲ್ಲಿ ಅವರು ಸಾಧಕರ ಆಶ್ರಮವೊಂದನ್ನೂ ನಡೆಸಿದರು. ಶಾಲೆ, ಆಶ್ರಮಗಳೆರಡರ ಹೊಣೆ ಹೊತ್ತವರೆಂಬುದರಿಂದ ಈ ಸಂಪುಟದ ಓದುಗರಿಗೆ ಅವರು ಅಪರಿಚಿತರೆನಿಸಲಾರರು. ಅವರು ಬರೆದ ‘ಆದಾಬುಲ್ ಮುರೀದೀನ್’ ಎಂಬ ಗ್ರಂಥದ ಹೆಸರನ್ನು ಶಿಷ್ಯರ ಅದಬುಗಳು ಎಂದು ಕನ್ನಡಿಸಬಹುದು. ಎರಡೂವರೆ ಶತಮಾನಗಳ ತರುವಾಯ ಆ ಗ್ರಂಥವನ್ನು ಪಾರಸಿಯಲ್ಲಿ ವಿವರಿಸಿ, ‘ಖಾತಿಮಾ’ ಎಂಬ ಅನುಬಂಧವನ್ನು ಸೇರಿಸಿದವರು ಕಲಬುರಗಿಯ ಖಾಜಾ ಬಂದೇನವಾಜರು. ಸೈಯದ್ ಮಹಮ್ಮದ್ ಹುಸೇನಿ ಎಂಬುದು ಅವರ ಹೆಸರು. 1321ರಲ್ಲಿ ದಿಲ್ಲಿಯಲ್ಲಿ ಜನಿಸಿ, ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರಾಗಿ, ತೈಮೂರನ ದಾಳಿಯ 1398ರಲ್ಲಿ ದಿಲ್ಲಿಯನ್ನು ಬಿಟ್ಟು, ಫಿರೋಜ್ ಶಾಹ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಊರು ಬಿಟ್ಟು ಬಂದವರು. ಮೊದಮೊದಲು ಆದರಿಸಿದ ಅರಸನೊಡನೆ ಮುಂದೆ ಮನಸ್ತಾಪವಾಯಿತೆಂದೂ, ಕೋಟೆಯ ಸಮೀಪದ ಆಶ್ರಮವನ್ನು ತೆರವುಮಾಡಿ ದೂರ ಹೋಗಬೇಕಾಯಿತೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ಅವರ ದರ್ಗಾದ ಉರುಸನ್ನು ಬಲ್ಲವರು ನಮ್ಮಲ್ಲಿ ಲಕ್ಷಗಟ್ಟಲೆ. ಅವರು ಪಾಠ ಹೇಳಿದ ಗ್ರಂಥಗಳ ಹೆಸರು ಬಲ್ಲವರು ಎಷ್ಟು ಮಂದಿ? ಕುಶೈರಿಯವರ ‘ರಿಸಾಲಾ’ಕ್ಕೂ ಅವರು ವ್ಯಾಖ್ಯಾನ ಬರೆದಿದ್ದಾರೆ. ಬಲ್ಲವರು ಯಾರಾದರೂ ಈ ಅದಬಿನ ಗ್ರಂಥಗಳನ್ನು ಕನ್ನಡಕ್ಕೆ ತಂದುಕೊಟ್ಟರೆ ನಮ್ಮ ಅಧ್ಯಾಪಕರ ಕೋಣೆಗಳಲ್ಲಿ ಅವಕ್ಕೆ ಸ್ಥಳ ದೊರೆಯಬೇಕು. ಧನವಂತರು ಒಂದು ಕೊಠಡಿ ಕಟ್ಟಿಸುವ ಬದಲು ಇಂತಹ ಒಂದು ಭಾಷಾಂತರಕ್ಕೆ ನೆರವಾದರೆ ಕೊಠಡಿಗಿಂತ ಕಡಿಮೆಯಾದ ಸೇವೆಯೇನೂ ಆಗದು.

ತರುವವರು ಸುಹ್ರವರ್ದಿಯವರ ಗ್ರಂಥದ ಕೊನೆಯ ಪ್ರಕರಣವನ್ನು ಬಿಡಬಾರದೆಂದು ನನ್ನ ಬಿನ್ನಹ. ಕಠಿಣ ನಿಯಮಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆ ಆಚಾರ್ಯರು ‘ರುಖ್ಸತ್’ಗಳನ್ನು, ಎಂದರೆ ಸಡಿಲಿಕೆಗಳನ್ನು, ವಿವರಿಸುತ್ತಾರೆ. ಎಲ್ಲರೂ ಎಲ್ಲವನ್ನೂ ಬಿಟ್ಟು ಬರಲಾರರು. ಹೊಲಮನೆಯುಳ್ಳವನಿರುತ್ತಾನೆ, ವ್ಯಾಪಾರ ಮಾಡುವವನಿರುತ್ತಾನೆ, ನಗೆಚಾಟಿಕೆಯಿಲ್ಲದೆ ಬದುಕಲಾರದವನಿರುತ್ತಾನೆ. ಇವರನ್ನು ಅವರು ಹೊರಗಟ್ಟುವುದಿಲ್ಲ. ಒಂದೊಂದು ಸಡಿಲಿಕೆಗೂ ಅದರದೇ ಆದ ಅದಬನ್ನು ಗೊತ್ತುಪಡಿಸಿ, ಈ ಮೆಟ್ಟಿಲಲ್ಲಿ ನಿಂತವನೂ ನಮ್ಮವನೇ, ಆದರೆ ಮೇಲಿನ ಮೆಟ್ಟಿಲ ಮೇಲೆ ಕಣ್ಣಿಟ್ಟಿರಲಿ ಎಂಬ ಧೋರಣೆಯಲ್ಲಿ ಬರೆಯುತ್ತಾರೆ. ಹಾಸ್ಯ ಮಾಡುವವನಿಗೂ ಅವರಲ್ಲಿ ನಿಯಮವುಂಟು.